ಉಬ್ಬಹಲ್ಲವ್ವನ ಸಿನೆಮಾ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಕಾಯಿಪಲ್ಲೆಯವನೊಂದಿಗೋ ರಿಕ್ಷಾದವನೊಂದಿಗೋ ದಿನಕ್ಕೊಮ್ಮೆಯಾದರೂ ಜಗಳ ತೆಗೆಯದಿದ್ದರೆ ನನಗೆ ಉಂಡದ್ದು ಕರಗುವುದಿಲ್ಲ. ಆದರೂ, ಸೋಲಾಪುರದ ತುಂಬಿದ ಥಿಯೇಟರಿನಲ್ಲಿ ಎದ್ದು ನಿಂತು, ಪರದೆಯ ಮೇಲಿನ ರಾಜಕುಮಾರನಿಗೆ "ಏ ಖೋಡಿ, ಹಡದವ್ವನ ಮ್ಯಾಲ ಕತ್ತಿ ಎತ್ತತೀ ಏನೋ?" ಎಂದು ಕೂಗುವಷ್ಟು ಸಿಟ್ಟು ಬಂದೀತೆಂದು ನನಗೇ ಗೊತ್ತಿರಲಿಲ್ಲ. ಮುಂದಿನ ಸಾಲಿನ ಹುಡುಗರು ತಿರುಗಿ ನೋಡಿ ನಕ್ಕರು. ಒಬ್ಬ ಮೊಬೈಲ್ ಎತ್ತಿ ಫೋಟೋ ಹೊಡೆದುಕೊಂಡ. ನನ್ನ ಒಂದು ಮಗ್ಗುಲಿಗೆ ಸೊಸೆ, ಇನ್ನೊಂದು ಮಗ್ಗುಲಿಗೆ ಎಂಬತ್ತರ ಹತ್ತಿರದ ನನ್ನ ಅವ್ವ. ಸೊಸೆ ನನ್ನ ಸೆರಗು ಹಿಡಿದು ಎಳೆದು ಕೂಡಿಸಿದಳು. ಅವ್ವ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಆ ಸಿನೆಮಾ ಯಾವ ಕಥೆಯದೋ ಆ ಕಥೆಯನ್ನು ನಾನು ಅವ್ವನ ತೊಡೆಯ ಮೇಲೆ ಕೇಳಿ ಬೆಳೆದವಳು. ಅದಕ್ಕೇ ಅಷ್ಟು ಸಿಟ್ಟು.

ಅವ್ವನ ತವರು ಗಡಿಯಾಚೆ, ಇಂಡಿ ತಾಲೂಕಿನ ಒಂದು ಹಳ್ಳಿ. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾಗಿದ್ದಳು. ಮದುವೆಯಾಗಿ ಬಂದದ್ದು ಗಡಿಯ ಈಚೆ, ಮರಾಠಿ ಸೀಮೆಯ ಅಕ್ಕಲಕೋಟ ತಾಲೂಕಿನಲ್ಲಿ ಚಪಳಗಾಂವದ ಆಚೆ ಇರುವ ನಮ್ಮೂರಿಗೆ. ಮನೆಯಲ್ಲಿ, ಹೊಲದಲ್ಲಿ, ಅಗಸಿಯಲ್ಲಿ ಆಡುವುದು ಕನ್ನಡ. ಶಾಲೆ, ಬಸ್ಸು, ಪೇಪರು, ಊರ ಲೆಕ್ಕ ನೋಡುವ ತಲಾಠಿ, ಎಲ್ಲ ಮರಾಠಿ. ನಮಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಆ ಕಾಲಕ್ಕೆ ನಮ್ಮ ಓಣಿಯಲ್ಲಿ ಓದು ಬಲ್ಲ ಹೆಣ್ಣುಮಗಳೇ ಇರಲಿಲ್ಲ. ನಮ್ಮಜ್ಜಿಯದಂತೂ ಹೆಬ್ಬೆಟ್ಟು. ಅದಕ್ಕೇ ಆಕೆ ಈ ಸೊಸೆಯನ್ನು ಊರಿಗೆಲ್ಲ ಮೆರೆಸಿದ್ದೇ ಮೆರೆಸಿದ್ದು. "ಬಂಗಾರ ಕಡಿಮಿ ತಂದಾಳ, ಖರೆ. ಆದ್ರ ಏಳನೇತ್ತ ಓದ್ಯಾಳ," ಎಂದು ನೀರಿಗೆ ಹೋದಲ್ಲಿ, ಬೀಸಲಿಕ್ಕೆ ಹೋದಲ್ಲಿ ಹೇಳಿ ಬರುತ್ತಿದ್ದಳು. ಅವ್ವನ ಮರ್ಯಾದೆಯೆಲ್ಲ ಆ ಏಳನೆಯ ಇಯತ್ತೆಯ ಮೇಲೆ ನಿಂತಿತ್ತು. ದೊಡ್ಡ ಮನೆತನದಿಂದ ಬಂದ ನನ್ನ ದೊಡ್ಡಮ್ಮ ಕೂಡ ಅವ್ವನ ಮುಂದೆ ಸ್ವಲ್ಪ ತಗ್ಗಿಯೇ ಮಾತಾಡುತ್ತಿದ್ದಳು.

ಅಪ್ಪ ಒಮ್ಮೆ ಸೋಲಾಪುರದ ಬಜಾರಿಗೆ ಹೋದಾಗ ಹೆಂಡತಿ ಓದಿದವಳು ಎಂಬ ಹಿಗ್ಗಿನಲ್ಲಿ ಒಂದು ಪುಸ್ತಕ ತಂದಿದ್ದ. ಮಕ್ಕಳ ಕಥೆಯ ಪುಸ್ತಕ, ಪುಟಕ್ಕೊಂದು ಬಣ್ಣದ ಚಿತ್ರ. ನಾನು ಹುಟ್ಟುವ ಮೊದಲಿನ ಮಾತು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದರ ಮೂಲೆಗಳೆಲ್ಲ ಮಡಚಿ ಮೆತ್ತಗಾಗಿದ್ದವು. ಊಟವಾದ ಮೇಲೆ ಪಡಸಾಲೆಯಲ್ಲಿ ಅವ್ವ ಕಂಬಕ್ಕೆ ಬೆನ್ನು ಹಚ್ಚಿ ಕೂತು ಪುಸ್ತಕ ಬಿಚ್ಚುತ್ತಿದ್ದಳು. ನಾನು, ತಮ್ಮ, ದೊಡ್ಡಪ್ಪನ ಮಕ್ಕಳು ಸುತ್ತ. ಅಜ್ಜಿ, ಓಣಿಯ ಒಂದಿಬ್ಬರು ಹೆಂಗಸರು ಹಿಂದೆ. ಅವ್ವ ಸಾಲುಗಳ ಕೆಳಗೆ ಬೆರಳು ಸರಿಸುತ್ತ, ಮರಾಠಿ ಪುಸ್ತಕವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ನಾವು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತಿತ್ತು.

ಕಥೆ ಹೀಗೆ. ಒಬ್ಬ ಬಡವಿ, ಆಕೆಗೆ ಉಬ್ಬುಹಲ್ಲು. ನಾವು ಉಬ್ಬಹಲ್ಲವ್ವ ಎನ್ನುತ್ತಿದ್ದೆವು. ಬಂಜೆ ರಾಣಿಯೊಬ್ಬಳು ಆಕೆಯ ಕೂಸನ್ನು ಕಸಿದುಕೊಂಡು ಅರಮನೆಯ ತೊಟ್ಟಿಲಲ್ಲಿ ಹಾಕಿದ್ದಾಳೆ. ಒಂದು ರಾತ್ರಿ ಉಬ್ಬಹಲ್ಲವ್ವ ಅರಮನೆ ಹೊಕ್ಕು ತನ್ನ ಕೂಸನ್ನು ಎತ್ತಿಕೊಂಡು ಕೂದಲು ಬಿಚ್ಚಿ ಓಡುತ್ತಾಳೆ. ರಕ್ಷಾಪುಟದ ಮೇಲೂ ಅದೇ ಚಿತ್ರ. "ಅವ್ವ ಓಡ್ಯಾಳ, ಓಡ್ಯಾಳ, ಕಾಲಾಗ ಮುಳ್ಳ ನಟ್ಟಾವ, ಆದ್ರೂ ಓಡ್ಯಾಳ," ಎನ್ನುವಾಗ ಅವ್ವನ ದನಿ ನಡುಗುತ್ತಿತ್ತು. ಮುಂದೆ ಗುಡ್ಡದ ಗವಿ. ಗವಿಯ ಬಾಗಿಲಿಗೆ ಹುಲಿ. "ಸಪ್ಪಳ ಮಾಡಬ್ಯಾಡೋ ಹುಲಿಯಣ್ಣಾ, ಕೂಸ ಈಗರ ಮಲಗ್ಯಾದ," ಎಂದರೆ ಹುಲಿ ಬಾಲ ಮುದುಡಿಕೊಂಡು ಅಲ್ಲೇ ಮಲಗುತ್ತದೆ. ಆಮೇಲೆ ಆಕೆ ಮೂರು ಕಲ್ಲಿನ ಮೇಲೆ ದೊಡ್ಡ ಹಂಡೆ ಇಟ್ಟು, ನೀರು ಕಾಸಿ, ಮಗನಿಗೆ ಎರೆಯುತ್ತಾಳೆ. ರೊಟ್ಟಿ ಬಡಿದು ಶೇಂಗಾ ಚಟ್ನಿ ಹಚ್ಚಿ ಉಣಿಸುತ್ತಾಳೆ. ಕೊನೆಯ ಚಿತ್ರದಲ್ಲಿ ಆಕೆ ಕಣ್ಣು ಮುಚ್ಚಿ ನೆಲದ ಮೇಲೆ ಅಡ್ಡಾಗಿದ್ದಾಳೆ. ಪಕ್ಕದಲ್ಲಿ ಕತ್ತಿ ಹಿಡಿದ ತರುಣ.

"ಅವ್ವ ದಣದಾಳ, ಮಲಗ್ಯಾಳ. ಮಗ ದೊಡ್ಡಾಂವಾಗಿ ಕತ್ತಿ ಹಿಡದು ಕಾಯಾಕತ್ತಾನ. ಇನ್ನ ಸಪ್ಪಳ ಮಾಡಬ್ಯಾಡ್ರಿ, ಆಕಿಗಿ ಎಚ್ಚರಾದೀತು." ಅಲ್ಲಿಗೆ ಕಥೆ ಮುಗಿಯುತ್ತಿತ್ತು. ನಾವು ಉಸಿರು ಬಿಗಿಹಿಡಿದು ಅಲ್ಲೇ ನಿದ್ದೆಹೋಗುತ್ತಿದ್ದೆವು. ಎಷ್ಟು ಸಲ ಓದಿಸಿದರೂ ಒಂದು ಶಬ್ದ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಅಂದಮೇಲೆ ಅದು ಪುಸ್ತಕದಲ್ಲಿ ಇದ್ದದ್ದೇ ಅಲ್ಲವೆ? ಮರಾಠಿ ಪುಸ್ತಕದ ಬಡವಿ ನಮ್ಮ ಹಾಗೆ ಶೇಂಗಾ ಚಟ್ನಿ ಹೇಗೆ ತಿಂದಾಳು ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಶೇಂಗಾ ಚಟ್ನಿ ತಿನ್ನದ ಜನ ಲೋಕದಲ್ಲಿದ್ದಾರೆ ಎಂದು ಗೊತ್ತಾಗಿದ್ದೇ ನನಗೆ ಬಹಳ ತಡವಾಗಿ.

ನಾನು ಶಾಲೆಗೆ ಹೋಗಲು ಸುರು ಮಾಡಿದ ವರ್ಷ ಆ ಪುಸ್ತಕ ಕಾಣೆಯಾಯಿತು. ಇಲಿ ಒಯ್ದಿರಬೇಕು ಎಂದಳು ಅಜ್ಜಿ. ಅತ್ತು ಕರೆದು ಊಟ ಬಿಟ್ಟೆ. ಅವ್ವ ಕೂಡ ನನ್ನ ಜೊತೆ ಅಟ್ಟದ ಮೇಲೆ, ಕಾಳು ತುಂಬುವ ಹಗೇವಿನ ಬಾಯಲ್ಲಿ, ದನದ ಕೊಟ್ಟಿಗೆಯಲ್ಲಿ ಹುಡುಕಿದಳು. ಸಿಗಲಿಲ್ಲ. ನನ್ನ ಅಳು ನಿಲ್ಲಿಸಲಿಕ್ಕೆ ಪಾಟಿ ಹಿಡಿಸಿ ಕನ್ನಡದ ಅ ಆ ತಿದ್ದಿಸಿದ್ದೂ ಅದೇ ದಿನಗಳಲ್ಲಿ. ಹಾಗೆ ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಅವ್ವನಿಂದ ಕನ್ನಡ, ಎರಡೂ ಅಕ್ಷರ ನನಗೆ ಒಟ್ಟಿಗೇ ಬಂದವು. ನನ್ನ ಮಟ್ಟಿಗೆ ಓದು ಬರುವುದೆಂದರೆ ಎರಡೂ ಬರುವುದು. ನನಗೆ ಅಕ್ಷರ ಕಲಿಸಿದವಳಿಗೆ ಒಂದು ಬಂದು ಇನ್ನೊಂದು ಬರುವುದಿಲ್ಲ ಎಂಬ ಸಂಶಯ ಎಲ್ಲಿಂದ ಬರಬೇಕು?

ಈಗ ಸಿನೆಮಾದ ಮಾತು. ಅವ್ವ ಊರಲ್ಲಿ ತಮ್ಮನ ಸಂಸಾರದೊಂದಿಗೆ ಇರುತ್ತಾಳೆ. ನಾನು ಮದುವೆಯಾಗಿ ಸೋಲಾಪುರದ ಬಟ್ಟೆ ವ್ಯಾಪಾರದ ಮನೆ ಸೇರಿದವಳು. ಕಣ್ಣಿನ ಮೋತಿಬಿಂದು ತೆಗೆಸಲಿಕ್ಕೆ ಅವ್ವನನ್ನು ಕರೆಸಿಕೊಂಡಿದ್ದೆ. ಆಪರೇಶನ್ ಚೆನ್ನಾಗಿ ಆಯಿತು, ಹೊಸ ಕನ್ನಡಕವೂ ಬಂತು. "ಈಗ ಸೂಜಿಗಿ ದಾರ ಪೋಣಸ್ತೀನಿ ನೋಡು," ಎಂದು ಅವ್ವ ಖುಷಿಯಾಗಿದ್ದಳು. ಡಾಕ್ಟರ ಕಡೆಯಿಂದ ಬರುವಾಗ ನವೀ ಪೇಠೆಯ ಚೌಕಿನಲ್ಲಿ ಮನೆಯೆತ್ತರದ ಪೋಸ್ಟರ್ ಕಂಡಿತು. ಕೂದಲು ಬಿಚ್ಚಿದ ಹೆಂಗಸು, ಬಗಲಲ್ಲಿ ಕೂಸು, ಹಿಂದೆ ಗುಡ್ಡ. ಹೆಸರೇನೋ ರಾಜಕುಮಾರನದಿತ್ತು, ಅದರ ಗುರುತು ನನಗಿಲ್ಲ. ಚಿತ್ರ ಮಾತ್ರ ನನ್ನ ಕರುಳಿಗೆ ಗುರುತಿತ್ತು.

"ಅವ್ವಾ! ಉಬ್ಬಹಲ್ಲವ್ವ!" ಎಂದು ರಿಕ್ಷಾದಲ್ಲೇ ಕಿರುಚಿದೆ.

ಅವ್ವ ಹೊಸ ಕನ್ನಡಕ ಸರಿಮಾಡಿಕೊಂಡು ನೋಡಿದಳು. ರಿಕ್ಷಾ ಚೌಕು ದಾಟುವವರೆಗೂ ತಿರುಗಿ ನೋಡುತ್ತಲೇ ಇದ್ದಳು.

ಮನೆಗೆ ಬಂದು ಸೊಸೆಗೆ ಹೇಳಿದರೆ ಆಕೆಯೂ ಕುಣಿದಳು. ಆಕೆ ಪುಣೆಯ ಕಡೆಯವಳು, ಮನೆಮಾತು ಮರಾಠಿ, ನಮ್ಮ ಕನ್ನಡ ಅರ್ಧಂಬರ್ಧ ತಿಳಿಯುತ್ತದೆ. ಅದೇ ಪುಸ್ತಕ ಆಕೆಯ ಹತ್ತಿರವೂ ಚಿಕ್ಕಂದಿನಲ್ಲಿ ಇತ್ತಂತೆ. ಅದರ ಕಥೆಯನ್ನೇ, ಅದೇ ಚಿತ್ರಗಳಂತೆ, ಸಿನೆಮಾ ಮಾಡಿದ್ದಾರಂತೆ. ಅತ್ತೆ ಸೊಸೆ ಇಬ್ಬರೂ ಮೊದಲ ಸಲ ಒಂದೇ ಮಾತಿಗೆ ಒಪ್ಪಿದೆವು. ಅವ್ವನನ್ನು ಊರಿಗೆ ಬಿಡುವ ದಿನವೇ ಮಧ್ಯಾಹ್ನದ ಆಟ ನೋಡಿಕೊಂಡು ಹೊರಡುವುದು.

"ನಾ ಒಲ್ಲೆ, ನೀವು ಹೋಗ್ರಿ," ಎಂದಳು ಅವ್ವ. ನಾನು ಜುಲುಮೆ ಮಾಡಿದೆ. ಮರುದಿನ ಮುಂಜಾನೆ ಚಹಾ ಕುಡಿಯುತ್ತ ಅವಳೇ ಅಂದಳು: "ಹೋಗೂಣು. ಏನದ ಅಂತ ನನಗೂ ನೋಡಬೇಕಾಗ್ಯಾದ." ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಕತ್ತಲೆಯಾಯಿತು, ಪರದೆ ಬೆಳಗಿತು. ಅರಮನೆ, ತೊಟ್ಟಿಲು, ಲಾಲಿ ಹಾಡುವ ರಾಣಿ. ರಾಣಿಯನ್ನು ಬಹಳ ಸುಂದರವಾಗಿ, ಬಹಳ ಒಳ್ಳೆಯವಳಾಗಿ ತೋರಿಸುತ್ತಿದ್ದರು. ಇರಲಿ, ಆಮೇಲೆ ಕೆಟ್ಟವಳಾಗುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಕಿಡಕಿಯಿಂದ ಕಪ್ಪು ಹೊಗೆ ಒಳಗೆ ಬಂತು, ಹೊಗೆಯೊಳಗಿಂದ ಉಗುರು, ಉಗುರಿನ ಹಿಂದೆ ಕೋರೆಹಲ್ಲು. ಥಿಯೇಟರಿನ ಮಕ್ಕಳೆಲ್ಲ ಕಿಟಾರನೆ ಕಿರುಚಿಕೊಂಡವು. ಇವಳು ಯಾರು ಎಂದು ನಾನು ಹುಡುಕುತ್ತಿದ್ದೆ. ಆ ಕೋರೆಹಲ್ಲಿನವಳು ಕೂಸನ್ನು ಎತ್ತಿ ಬಗಲಿಗಿಟ್ಟುಕೊಂಡು, ಕೂದಲು ಹಾರಿಸುತ್ತ, ಗುಡ್ಡದ ಕಡೆ ಓಡಿದಳು. ಅದೇ ಚಿತ್ರ. ಅದೇ ಕೈ, ಅದೇ ಕಾಲು.

ಉಬ್ಬಹಲ್ಲವ್ವನನ್ನು ರಾಕ್ಷಸಿ ಮಾಡಿದ್ದರು.

ಆಮೇಲೆ ಗವಿ ಬಂತು. ಹುಲಿಯೂ ಬಂತು, ಆದರೆ ಅದು ರಾಕ್ಷಸಿ ಸಾಕಿದ ಹುಲಿ, ಬಾಯಲ್ಲಿ ಯಾರದೋ ಎಲುಬು. ಹಂಡೆ ಬಂತು. ನೀರು ಕುದಿಯುತ್ತಿತ್ತು. ನನ್ನ ಬಾಲ್ಯದ ಆ ಹಂಡೆ, ಹೊಗೆ ವಾಸನೆಯ ಬಿಸಿನೀರು, ತಲೆಗೆ ಎಣ್ಣೆ, ಬೆನ್ನಿಗೆ ಅವ್ವನ ಅಂಗೈ, ಎಲ್ಲ ಆ ಒಂದು ಚಿತ್ರದೊಳಗಿತ್ತು. ಪರದೆಯ ಮೇಲೆ ಆಕೆ ಹಂಡೆಗೆ ಉಪ್ಪು ಹಾಕುತ್ತಿದ್ದಳು. ಕೂಸನ್ನು ಬೇಯಿಸಿ ತಿನ್ನಲಿಕ್ಕೆ. ಅಷ್ಟರಲ್ಲಿ ಇಂಟರ್ವಲ್.

"ಸತ್ಯಾನಾಶ ಮಾಡ್ಯಾರ," ಎಂದೆ ಹೊರಗೆ ಬಂದು. "ಕಥಿ ಗೊತ್ತಿಲ್ಲಂದ್ರ ಯಾಕ ತಗೀಬೇಕು ಸಿನೆಮಾ? ಮನ್ಯಾಗ ಕುಂದರಬೇಕು!"

ಸೊಸೆ ಪಾಪ್‌ಕಾರ್ನ್ ಡಬ್ಬಿ ಹಿಡಿದು ಗೊಂದಲದಿಂದ ನೋಡಿದಳು. "ಆಈ, ಪುಸ್ತಕಾತ್ ಪಣ್ ಅಸಂಚ್ ಆಹೆ," ಎಂದಳು. ಪುಸ್ತಕದಲ್ಲೂ ಹೀಗೇ ಇದೆ ಅಂತೆ!

"ನನಗ ಹೇಳಬ್ಯಾಡ. ನಮ್ಮವ್ವ ಓದಿ ಹೇಳ್ಯಾಳ. ಒಂದ ಸಲ ಅಲ್ಲ, ಸಾವಿರ ಸಲ."

ಸೊಸೆ ಜಾಣೆ, ಡಬ್ಬಿಯನ್ನು ನನ್ನ ಕಡೆ ಚಾಚಿದಳು. ಅವ್ವ ಗೋಡೆಯ ಹತ್ತಿರದ ಖುರ್ಚಿಯಲ್ಲಿ ಕೂತು ನೀರಿನ ಬಾಟಲಿಯ ಮುಚ್ಚಳ ತೆರೆಯುತ್ತ, ಹಾಕುತ್ತ ಇದ್ದಳು. ನನ್ನ ಸಿಟ್ಟಿಗೆ ಅವ್ವನ ಬೆಂಬಲ ಬೇಕಿತ್ತು. "ಹೇಳಬೇ ಅವ್ವಾ," ಎಂದೆ. "ನೋಡೂಣು ತಡಿ, ಇನ್ನಾ ಅದಲ," ಎಂದಳು ಅವ್ವ.

ಇನ್ನೂ ಇತ್ತು. ರಾಜಕುಮಾರ ಹೇಗೋ ಪಾರಾಗಿ, ಸಾಧುವೊಬ್ಬನ ಹತ್ತಿರ ಬೆಳೆದು, ಕತ್ತಿ ಹಿಡಿದು ಗವಿಗೆ ಬಂದ. ಕೊನೆಯ ಚಿತ್ರ ಹತ್ತಿರ ಬರುತ್ತಿದೆ ಎಂದು ನನಗೆ ತಿಳಿಯಿತು. ಬೇಡ, ಬೇಡ ಎಂದು ಒಳಗೇ ಅನ್ನುತ್ತಿದ್ದೆ. ಕತ್ತಿ ಎತ್ತಿದ. ಆಗಲೇ ನಾನು ಎದ್ದು ಕೂಗಿದ್ದು. ಅವನಿಗೇನು ಕೇಳಿಸಬೇಕು! ಕತ್ತಿ ಇಳಿಯಿತು, ಆಕೆ ಬಿದ್ದಳು, ಕಣ್ಣು ಮುಚ್ಚಿದಳು. ಅವನು ಪಕ್ಕದಲ್ಲಿ ನಿಂತ. ಜನ ಸೀಟಿ ಹೊಡೆದರು, ಚಪ್ಪಾಳೆ ತಟ್ಟಿದರು. ನಾವು ಆಕೆಯ ನಿದ್ದೆ ಕೆಡಬಾರದೆಂದು ಉಸಿರು ಹಿಡಿದು ಮಲಗುತ್ತಿದ್ದೆವಲ್ಲ, ಆ ಚಿತ್ರವದು. ಮುಚ್ಚುಮರೆ ಯಾಕೆ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಹೊರಗೆ ಬಂದಾಗ ಸಿಟ್ಟು ಇಮ್ಮಡಿಯಾಗಿತ್ತು. ಸೊಸೆಗೂ ಇನ್ನು ತಡೆಯಲಾಗಲಿಲ್ಲ. ಮೊಬೈಲಿನಲ್ಲಿ ಎಲ್ಲಿಂದಲೋ ಆ ಪುಸ್ತಕದ ಕೊನೆಯ ಪುಟ ಹುಡುಕಿ ತೆಗೆದು ನನ್ನ ಮುಂದೆ ಹಿಡಿದಳು. ಹಳೆಯ ಚಿತ್ರವೇ, ಬಣ್ಣ ಕೂಡ ಅದೇ. ಕೆಳಗೆ ಮರಾಠಿಯಲ್ಲಿ ದಪ್ಪ ಅಕ್ಷರ. ರಾಕ್ಷಸಿ ಸತ್ತಳು, ನಾಡಿನಲ್ಲೆಲ್ಲ ಗುಡಿ ತೋರಣ ಕಟ್ಟಿದರು ಎಂದು ಬರೆದಿತ್ತು. ಎರಡು ಸಲ ಓದಿದೆ.

"ಇದು ಹೊಸಾದು. ಬದಲಿ ಮಾಡ್ಯಾರ," ಎಂದೆ. ನನ್ನ ದನಿ ನನಗೇ ಪೊಳ್ಳು ಅನ್ನಿಸಿತು. ಅದಕ್ಕೇ ಇನ್ನೂ ಜೋರು ಮಾಡಿದೆ. ಮೊಬೈಲ್ ಕಸಿದು ಅವ್ವನ ಕೈಯಲ್ಲಿಟ್ಟೆ. "ಅವ್ವಾ, ಈಗ ಕಣ್ಣು ಚೊಕ್ಕ ಅದಾವ. ಇದನ್ನ ಓದು. ನಿನ್ನ ಪುಸ್ತಕದಾಗ ಏನ ಇತ್ತು ಅಂತ ಈಕಿಗಿ ಹೇಳು. ಓದಬೇ."

ಸುತ್ತ ಜನ ಇಳಿದು ಹೋಗುತ್ತಿದ್ದರು. ಅವ್ವ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿನ ಹತ್ತಿರ ತಂದಳು. ಬೆರಳನ್ನು ಅಕ್ಷರದ ಕೆಳಗೆ ಇಟ್ಟಳು.

"ಅವ್ವ ದಣದಾಳ," ಎಂದಳು. "ಅವ್ವ ದಣದಾಳ, ಮಲಗ್ಯಾಳ."

ಬೆರಳು ತಾಗಿ ಪುಟ ಸರಿದು ಪರದೆಯ ಮೇಲೆ ಇನ್ನೇನೋ ಬಂತು. ಅವ್ವನಿಗೆ ಅದು ತಿಳಿಯಲಿಲ್ಲ. "ಮಗ ದೊಡ್ಡಾಂವಾಗಿ ಕತ್ತಿ ಹಿಡದು…" ಎಂದು ಮುಂದುವರಿಸಿದಳು. ನಾನು ನೋಡುತ್ತಿದ್ದೆ. ಅವಳ ಬೆರಳಿನ ಕೆಳಗಿದ್ದದ್ದು ಸೀರೆಯ ಜಾಹೀರಾತು.

ನನ್ನ ಮುಖ ಕಂಡು ಅವ್ವ ನಿಂತಳು. ಮೊಬೈಲನ್ನು ಸೊಸೆಗೆ ಮರಳಿ ಕೊಟ್ಟಳು. "ನನಗ ಬಾಳಬೋಧ ಓದಾಕ ಬರಂಗಿಲ್ಲ ಯವ್ವಾ," ಎಂದಳು. "ಆವಾಗೂ ಬರತಿದ್ದಿಲ್ಲ, ಈಗೂ ಬರಂಗಿಲ್ಲ. ನನಗ ಬರೂದು ಕನ್ನಡ ಅಷ್ಟ."

ಬಾಳಬೋಧ ಎಂದರೆ ಮರಾಠಿ ಬರೆಯುವ ಅಕ್ಷರ. ನಮ್ಮೂರಿನ ಎಲ್ಲ ಗೋಡೆಗಳ ಮೇಲಿನ ಅಕ್ಷರ. ಅವ್ವ ಅರವತ್ತು ವರ್ಷಕ್ಕೂ ಮಿಕ್ಕಿ ಆ ಅಕ್ಷರಗಳ ನಡುವೆ ಬಾಳಿದ್ದಾಳೆ. ಸೊಸೆಗೆ ಎಲ್ಲ ತಿಳಿದಿತ್ತು. ತಾನು ಗೆದ್ದೆ ಎಂಬ ಭಾವ ಆಕೆಯ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. "ಗಾಡಿ ಆಣತೆ," ಎಂದು ಕಾರು ತರಲಿಕ್ಕೆ ಕೆಳಗೆ ಹೋದಳು.

ಕಾರಿನಲ್ಲಿ ನಾನು ಅವ್ವನ ಮಗ್ಗುಲಿಗೆ ಹಿಂದೆ ಕೂತೆ. ಸೊಸೆ ಗಾಡಿ ಹೊಡೆಯುತ್ತಿದ್ದಳು. ಸೋಲಾಪುರ ದಾಟಿತು. ಆಮೇಲೆ ಅವ್ವನೇ ಸುರು ಮಾಡಿದಳು.

"ಲಗ್ನಾಗಿ ಬಂದು ಒಂದ ತಿಂಗಳಾಗಿದ್ದಿಲ್ಲ. ನಿಮ್ಮಪ್ಪ ಪುಸ್ತಕ ತಂದು ನಿಮ್ಮಜ್ಜಿ ಕೈಯಾಗ ಕೊಟ್ಟ. ಆಕಿ ಓಣ್ಯಾನ ಹೆಂಗಸರನ್ನೆಲ್ಲಾ ಕೂಡಿಸಿ, ನಡಬರಕ ನನ್ನ ಕುಂದರಿಸಿ, ಓದು ಅಂದ್ಳು. ಬಿಚ್ಚಿ ನೋಡ್ತೀನಿ, ಒಂದ ಅಕ್ಷರ ಗುರ್ತಿಲ್ಲ. ಬರಂಗಿಲ್ಲ ಅಂದ್ರ ಹುಡುಗಿ ಸಾಲಿ ಕಲ್ತಿದ್ದ ಸುಳ್ಳು ಅಂತಿದ್ರು. ನಮ್ಮಪ್ಪನ ಮಾನ ಹೋಗತಿತ್ತು. ಚಿತ್ರಾ ನೋಡ್ದೆ. ಹಲ್ಲ ಮುಂದ ಬಂದಾವ, ಕೂಸಿನ್ನ ಎತಗೊಂಡು ಓಡಾಕತ್ತಾಳ." ಅವ್ವ ತನ್ನ ಮುಂದಿನ ಹಲ್ಲಿಗೆ ಬೆರಳು ಮುಟ್ಟಿಸಿದಳು. "ನಮ್ಮವ್ವಂದೂ ಹಲ್ಲ ಮುಂದ ಇದ್ದೂ. ಆಕಿನ ಬಂದು ನನ್ನ ಎತಗೊಂಡು ತವರಿಗಿ ಓಡಾಕತ್ತಾಳ ಅನಿಸ್ತು. ಅದನ್ನ ಓದ್ದೆ."

ಹದಿನಾರು ತುಂಬದ ಹುಡುಗಿ, ಹೊಸ ಊರು, ಸುತ್ತ ಗುರುತಿಲ್ಲದ ಹೆಂಗಸರು. ನಾನು ಆ ಕಥೆಯನ್ನು ನನ್ನ ಮಕ್ಕಳಿಗೂ ಹೇಳಿದ್ದೇನೆ, ಮೊಮ್ಮಗುವಿಗೂ ಹೇಳಿದ್ದೇನೆ. ಅದು ಅವ್ವ ತನ್ನ ಅವ್ವನನ್ನು ಕರೆದ ಕೂಗು ಎಂದು ಅಂದಿನವರೆಗೆ ಗೊತ್ತಿರಲಿಲ್ಲ.

"ಪುಸ್ತಕ?" ಎಂದೆ. ಕೇಳುವಾಗಲೇ ಉತ್ತರ ಹೊಳೆದಿತ್ತು.

"ನೀ ಸಾಲಿಗಿ ಹೋಗಿ ಅಕ್ಷರ ಕೂಡಿಸಾಕ ಕಲ್ತಿ. ಒಂದಿನ ಅದನ್ನ ಹಿಡಕೊಂಡು ಕುಂತಿದ್ದಿ. ಎದಿ ಒಡದಂಗಾತು. ನೀರೊಲಿಗಿ ಹಾಕ್ದೆ."

"ಮತ್ತ ನನ್ನ ಸಂಗಟ ಹುಡುಕಿದೆಲ್ಲ? ಹಗೇವಿನ ಬಾಯಾಗ ಇಳಿಯಾಕ ಹೋಗಿದ್ದಿ!"

"ಹುಡುಕದಿದ್ರ ನೀ ಸುಮ್ಮಾಗತಿದ್ದೇನು?"

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಗು ಬಂತು, ಅದರ ಹಿಂದೆಯೇ ಅಳು. ಮುಂದಿನಿಂದ ಸೊಸೆ ಕನ್ನಡಿಯಲ್ಲಿ ನೋಡಿದಳು.

ಅಪ್ಪನಿಗೆ ಗೊತ್ತಿತ್ತು ಎಂದಳು ಅವ್ವ. ಅಪ್ಪ ನಾಲ್ಕನೆಯ ಇಯತ್ತೆಯವರೆಗೆ ಮರಾಠಿ ಓದಿದವನು. ಒಂದು ದಿನ ಕಟ್ಟೆಯ ಮೇಲೆ ಕೂತು ಇವಳ ಓದು ಕೇಳಿ ತನ್ನಷ್ಟಕ್ಕೆ ನಕ್ಕನಂತೆ. ಏನೂ ಅನ್ನಲಿಲ್ಲ. ಅಂದಿನಿಂದ ಪೇಪರನ್ನು ಗಟ್ಟಿಯಾಗಿ ಓದತೊಡಗಿದ. ಲಗ್ನಪತ್ರಿಕೆ ಬಂದರೆ ಗಟ್ಟಿಯಾಗಿ, ಬ್ಯಾಂಕಿನ ಕಾಗದ ಬಂದರೆ ಗಟ್ಟಿಯಾಗಿ. "ಅಪ್ಪಾ, ಮನಸ್ಸಿನ್ಯಾಗ ಓದ್ರಿ, ಕಿವಿ ಹೋಗ್ತಾವ," ಎಂದು ನಾವೆಲ್ಲ ರೇಗುತ್ತಿದ್ದೆವು. ಅವನು ಇನ್ನೂ ದನಿ ಏರಿಸುತ್ತಿದ್ದ. ಅಡುಗೆಮನೆಯವರೆಗೆ ಕೇಳಿಸಲಿ ಎಂದು ಓದುತ್ತಿದ್ದ ಎಂಬುದು ನನಗೆ ಈಗ ತಿಳಿಯಿತು. ಅವನು ಹೋದ ಮೇಲೆ ಅವ್ವನಿಗೆ ಕನ್ನಡಕವೇ ಆಸರೆ. ಯಾರಾದರೂ ಓದು ಎಂದು ಏನಾದರೂ ಕೊಟ್ಟರೆ "ಚಸ್ಮಾ ಎಲ್ಲಿಟ್ಟೀನೋ" ಎನ್ನುವುದು. ಔಷಧದ ಬಾಟಲಿಗಳಿಗೆ ಕೆಂಪು ದಾರ, ಕರಿ ದಾರ ಕಟ್ಟಿರುತ್ತಿದ್ದಳು. ದೃಷ್ಟಿಗೆ ಕಟ್ಟಿದ್ದಾಳೆ ಎಂದುಕೊಂಡು ನಾನು ಗೇಲಿ ಮಾಡಿದ್ದೆ.

"ನನ್ನ ಕೇಳಬಾರದಾಗಿತ್ತೇನು?" ಎಂದೆ.

"ಎಲ್ಲಾರ ಮುಂದ ಓದಿದಾಕಿ ಅನಿಸ್ಕೊಂಡ ಮ್ಯಾಲ ಹೆಂಗ ಕೇಳ್ಲಿ?"

ಕುಂಭಾರಿ ಹತ್ತಿರ ಬಂದಿತ್ತು. ಅವ್ವ ಕಿಡಕಿಯ ಹೊರಗೆ ಕೈ ತೋರಿಸಿದಳು. "ಅದೇನು ಬರದಾರ?" ನನ್ನ ಆಯುಷ್ಯದಲ್ಲಿ ಅವ್ವ ಮೊದಲ ಸಲ ನನ್ನನ್ನು ಆ ಮಾತು ಕೇಳಿದ್ದು. ಹೇಳಿದೆ, ಟೈರ್ ಪಂಕ್ಚರ್ ತೆಗೆಯುತ್ತಾರಂತೆ. "ಇದು?" ಕಬ್ಬಿನ ಹಾಲು. "ಅಕಾ, ಆ ಕೆಂಪಂದು?" ಯಾವನೋ ಪುಢಾರಿಯ ಹುಟ್ಟುಹಬ್ಬ. ಒಂದು ಉದ್ದನೆಯ ಗೋಡೆಯ ತುಂಬ ಆಳೆತ್ತರದ ಅಕ್ಷರ ಇದ್ದವು. "ಇದು ಮಾತ್ರ ದೊಡ್ಡದೇನೋ ಇರಬೇಕು," ಎಂದಳು. ಇಲ್ಲಿ ಕಸ ಚೆಲ್ಲಬಾರದು ಎಂದು ಬರೆದಿತ್ತು. ಅವ್ವ ಹೊಟ್ಟೆ ಹಿಡಿದು ನಕ್ಕಳು. "ಇಷ್ಟಕ್ಕ ಹೆದರಿ ಸತ್ನೆಲ್ಲ ನಾ!" ಸೊಸೆಯೂ ನಕ್ಕಳು. ವಳಸಂಗ ದಾಟಿತು, ಅಕ್ಕಲಕೋಟ ದಾಟಿತು. ಸೊಸೆ ಬೋರ್ಡು ಕಂಡಲ್ಲೆಲ್ಲ ಗಾಡಿ ನಿಧಾನ ಮಾಡುತ್ತಿದ್ದಳು. ನಾನು ಓದುತ್ತ ಹೋದೆ. ಗಂಟಲು ಆರಿತು, ಅವ್ವನ ಕೇಳುವುದು ನಿಲ್ಲಲಿಲ್ಲ.

ಊರ ಬಾಯಿಗೆ ಶಾಲೆ. ಶಾಲೆಯ ಮುಂದೆ ಮಕ್ಕಳಿಗೆ ಕುಡಿಯುವ ನೀರಿನ ಟಾಕಿ. ಅಪ್ಪ ತೀರಿದ ಮರುವರ್ಷ ನಾನು, ತಮ್ಮ ಕೂಡಿ ಕಟ್ಟಿಸಿದ್ದು. ಗೋಡೆಯಲ್ಲಿ ಒಂದು ಕಲ್ಲು ಕೂಡಿಸಿ ಬರೆಸಿದ್ದೇವೆ. ಇನ್ನೂ ಬಿಸಿಲಿತ್ತು. "ಇಲ್ಲಿ ನಿಂದರಸು ಅನ್ನು ಆಕಿಗಿ," ಎಂದಳು ಅವ್ವ. ಇಳಿದು ಕಲ್ಲಿನ ಮುಂದೆ ನಿಂತಳು. ನಾನು ಹಿಂದೆ ಹೋದೆ.

"ಮ್ಯಾಲಿಂದು ನಿಮ್ಮಪ್ಪನ ಹೆಸರು. ಅದು ಗೊತ್ತದ, ಆವತ್ತ ಎಲ್ಲಾರೂ ಅಂದ್ರಲ್ಲ. ಕೆಳಗ ಏನದ? ಸರಕಾರದ್ದೇನು?"

ಕಲ್ಲು ಕೂಡಿಸಿದ ದಿನ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅವ್ವ ಕುಂಕುಮ ಹಚ್ಚಿ, ಹೂ ಏರಿಸಿ, ಸುಮ್ಮನೆ ಹಿಂದೆ ಸರಿದಿದ್ದಳು. ಇಷ್ಟು ದೊಡ್ಡದಾಗಿ ಬರೆಸಿದರೂ ಮುಖದಲ್ಲಿ ಒಂಚೂರು ಹಿಗ್ಗಿಲ್ಲ, ನಮ್ಮವ್ವನಿಗೆ ಹಮ್ಮು ಎಂಬುದೇ ಇಲ್ಲ ಎಂದು ಬೀಗರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅಪ್ಪ ಇದ್ದಿದ್ದರೆ ಗಟ್ಟಿಯಾಗಿ ಓದುತ್ತಿದ್ದ.

"ಅದು ನಿನ್ನ ಹೆಸರು, ಅವ್ವಾ."

ಅವ್ವ ನನ್ನ ಮುಖ ನೋಡಿದಳು, ಕಲ್ಲು ನೋಡಿದಳು. ಹೊಸ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ನಂದಾ? ಕಲ್ಲಿನ ಮ್ಯಾಲ?" ಎಂದಳು. "ಮತ್ತ ನನಗ ಯಾರೂ ಹೇಳಲೇ ಇಲ್ಲಲ್ಲ."

"ನೀ ಓದಿರ್ತಿ ಅಂತ ತಿಳಕೊಂಡಿದ್ವಿ ಬೇ," ಎಂದೆ.